ಕಡ್ಡಿ ಕಡ್ಡಿಯಾಗಿ ಒಂದು ವಿಮಾನ

ಬಾಲ್ಸಾ ಮರದ ಹಾಳೆಯೊಂದನ್ನು ಮೊದಲ ಸಲ ಕೈಗೆತ್ತಿಕೊಂಡಾಗ ತೋಳು ಮೋಸಹೋಗುತ್ತದೆ. ಕಣ್ಣು ಅದನ್ನು ಮರ ಎಂದು ಗುರುತಿಸಿದೆ, ತೋಳು ಮರಕ್ಕೆ ತಕ್ಕಷ್ಟು ಬಲ ಕೂಡಿಸಿಕೊಂಡಿದೆ. ಎತ್ತಿದರೆ ಹಾಳೆ ಅಂದುಕೊಂಡದ್ದಕ್ಕಿಂತ ಮೇಲೆ ಬಂದುಬಿಡುತ್ತದೆ. ಕೆನೆಯ ಬಣ್ಣ. ಮೈಮೇಲೆ ಬೆರಳಾಡಿಸಿದರೆ ನವಿರು, ಉಗುರು ಒತ್ತಿದರೆ ಗುರುತು ಉಳಿಯುವಷ್ಟು ಮೆದು. ಇಷ್ಟು ಮೆತ್ತನೆಯ ಮರದಿಂದ ಎರಡು ಮೀಟರ್ ಉದ್ದದ ರೆಕ್ಕೆ ಕಟ್ಟಿ, ಅದಕ್ಕೆ ಎಂಜಿನ್ನು, ಚಕ್ರ, ರೇಡಿಯೊ ಎಲ್ಲವನ್ನೂ ಹೊರಿಸಿ, ಆಕಾಶದಲ್ಲಿ ಸುತ್ತು ಹೊಡೆಸಿ, ಮತ್ತೆ ಹುಲ್ಲಿನ ಮೇಲೆ ಇಳಿಸಿಕೊಳ್ಳಬಹುದು. ರೇಡಿಯೊ ನಿಯಂತ್ರಣದ ಮಾದರಿ ವಿಮಾನಗಳನ್ನು ಕಿಟ್ ತರಿಸಿ ಕಟ್ಟುವವರ ಸುಖ ಶುರುವಾಗುವುದು ಈ ಹಾಳೆಯಿಂದ. ಹಾರಿಸುವ ಸುಖದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕೆನಿಸುವುದು ಅದಕ್ಕಿಂತ ಮೊದಲು, ಮನೆಯೊಳಗೆ, ಮೇಜಿನ ಮೇಲೆ ವಾರಗಟ್ಟಲೆ ನಡೆಯುವುದರ ಬಗ್ಗೆ.

ಬಾಲ್ಸಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನ ಮರ. ಲೋಕದ ಮಾರುಕಟ್ಟೆಗೆ ಬರುವುದರಲ್ಲಿ ದೊಡ್ಡ ಪಾಲು ಈಕ್ವೆಡಾರ್ ದೇಶದ್ದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಬೂರುಗದ ನೆಂಟ; ಕಾಯಿ ಬಿರಿದಾಗ ಇದರಲ್ಲೂ ಹತ್ತಿ ಹೊರಬಂದು ಬೀಜಗಳನ್ನು ಹೊತ್ತು ಗಾಳಿಗೆ ತೇಲುತ್ತದೆ. ಆರೆಂಟು ವರ್ಷಕ್ಕೇ ಕಡಿಯಲು ಬರುವಷ್ಟು ಎತ್ತರ, ದಪ್ಪ ಬೆಳೆದುಬಿಡುತ್ತದೆ. ಅಷ್ಟು ಅವಸರದಲ್ಲಿ ಬೆಳೆಯುವ ಮರದ ಜೀವಕೋಶಗಳು ದೊಡ್ಡವು, ಅವುಗಳ ಗೋಡೆ ತೆಳು, ಒಳಗೆಲ್ಲ ನೀರು. ಕಡಿದು, ಸೀಳಿ, ಗೂಡಿನ ಬಿಸಿಯಲ್ಲಿ ಒಣಗಿಸಿದಾಗ ನೀರು ಹೋಗಿ ಗೋಡೆಗಳು ಮಾತ್ರ ನಿಲ್ಲುತ್ತವೆ. 1947ರಲ್ಲಿ ಥಾರ್ ಹೆಯರ್‌ಡಾಲ್ ಪೆಸಿಫಿಕ್ ಸಾಗರವನ್ನು ಹಾಯ್ದ ಕಾನ್-ಟಿಕಿ ತೆಪ್ಪ ಬಾಲ್ಸಾ ದಿಮ್ಮಿಗಳದು. ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಮಾಸ್ಕಿಟೊದ ಒಡಲಿನ ಗೋಡೆ, ಎರಡು ತೆಳು ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಕೂರಿಸಿ ಮಾಡಿದ್ದು. ಇವತ್ತು ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವಂಥ ಗಾಳಿಯಂತ್ರಗಳ ಉದ್ದನೆಯ ಅಲಗುಗಳ ತಿರುಳಿಗೂ ಇದೇ ಮರ ಬಳಕೆಯಲ್ಲಿದೆ. ಅಂಥ ದೊಡ್ಡ ಗಿರಾಕಿಗಳ ಜೊತೆ ಪೈಪೋಟಿಗಿಳಿದ ಹವ್ಯಾಸಿಗೆ ಒಳ್ಳೆಯ ಹಾಳೆ ಈಗ ಅಗ್ಗವಾಗಿ ಸಿಗುವುದಿಲ್ಲ. ಸಿಕ್ಕಿದ್ದನ್ನು ಜೋಪಾನ ಮಾಡುವ ಅಭ್ಯಾಸ ತಾನಾಗಿ ಬರುತ್ತದೆ.

ಅಂಗಡಿಯ ಸಾಮಾನ್ಯ ಹಾಳೆ ಮೂರು ಅಡಿ ಉದ್ದ, ಮೂರು ಅಂಗುಲ ಅಗಲ, ಅಂಗುಲದ ಎಂಟನೇ ಒಂದು ಭಾಗ ದಪ್ಪ ಇರುತ್ತದೆ. ಅದೇ ಅಳತೆಯ ಎರಡು ಹಾಳೆಗಳನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ನೋಡಿ. ಒಂದು 20 ಗ್ರಾಮಿನ ಆಸುಪಾಸಿನಲ್ಲಿ ನಿಂತರೆ ಇನ್ನೊಂದು 40 ದಾಟಿರುತ್ತದೆ. (ಅಷ್ಟೇ ಗಾತ್ರದ ತೇಗದ ಹಲಗೆ 130 ಗ್ರಾಮಿಗೂ ಹೆಚ್ಚು ತೂಗುತ್ತದೆ.) ಹೊರನೋಟಕ್ಕೆ ಎರಡೂ ಹಾಳೆ ಒಂದೇ. ಹಗುರವಾದದ್ದು ಒಳ್ಳೆಯದು, ಭಾರವಾದದ್ದು ಕೆಟ್ಟದ್ದು ಎಂದು ಹೊಸಬರು ತಿಳಿಯುತ್ತಾರೆ. ಆದರೆ ತೂಕದ ಜೊತೆಗೇ ಬಲವೂ ಏರುತ್ತದೆ. ಭಾರದ ಹಾಳೆಗೂ ವಿಮಾನದಲ್ಲಿ ಅದರದೇ ಆದ ಜಾಗವಿದೆ. ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ ಗಟ್ಟಿಯದಿರಬೇಕು. ಬಾಲದ ಕೊನೆಯ ತುಂಡು ಇರುವುದರಲ್ಲೆಲ್ಲ ಹಗುರವಾಗಿರಬೇಕು. ಯಾವ ಹಾಳೆ ಎಲ್ಲಿಗೆ ಎಂದು ತೂಗಿ, ಬಾಗಿಸಿ, ಬೆಳಕಿಗೆ ಹಿಡಿದು ವಿಂಗಡಿಸುತ್ತ ಕೂರುವ ಸಂಜೆ ಇದೆಯಲ್ಲ, ಕಟ್ಟುವವನ ಮೊದಲ ಔತಣ ಅದು.

ತೂಕದಷ್ಟೇ ಮುಖ್ಯವಾದದ್ದು ಮರದ ಎಳೆ. ದಿಮ್ಮಿಯನ್ನು ಯಾವ ಕೋನದಲ್ಲಿ ಸೀಳಿದ್ದಾರೆ ಎನ್ನುವುದರ ಮೇಲೆ ಹಾಳೆಯ ಸ್ವಭಾವ ನಿಲ್ಲುತ್ತದೆ. ಉಂಗುರಗಳಿಗೆ ಸಮನಾಗಿ ಸೀಳಿದ ಹಾಳೆಯಲ್ಲಿ ಎಳೆಗಳು ನೀಳ ಗೆರೆಗಳಾಗಿ ಕಾಣುತ್ತವೆ. ಅಗಲದ ಕಡೆ ಹಿಡಿದು ಬಾಗಿಸಿದರೆ ಕೊಳವೆಯಾಗಿ ಸುತ್ತಿಕೊಳ್ಳಲೂ ಒಪ್ಪುತ್ತದೆ. ಇದಕ್ಕೆ ಎ-ಗ್ರೇನ್ ಎನ್ನುತ್ತಾರೆ. ನಡುವಿನಿಂದ ತೊಗಟೆಯ ಕಡೆಗೆ ನೇರ ಸೀಳಿದರೆ ಸಿಗುವುದು ಸಿ-ಗ್ರೇನ್. ಅದರ ಮೈತುಂಬ ಸಣ್ಣ ಮಿನುಗು ಚುಕ್ಕೆಗಳು, ಹಾಳೆಯನ್ನು ಬೆಳಕಿನಡಿ ಓರೆಮಾಡಿದರೆ ಹೊಳೆಯುತ್ತವೆ. ಅದು ಬಾಗುವುದಿಲ್ಲ, ಒತ್ತಾಯ ಮಾಡಿದರೆ ಮುರಿಯುತ್ತದೆ. ಹಾಗಾಗಿ ರೆಕ್ಕೆಯ ಮುಂಬದಿಯ ದುಂಡಿಗೆ ಹೊದಿಸಲು ಎ-ಗ್ರೇನ್, ನೆಟ್ಟಗೆ ನಿಲ್ಲಬೇಕಾದ ರಿಬ್ಬುಗಳಿಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳಿಗೆ, ಸಿ-ಗ್ರೇನ್. ಒಳ್ಳೆಯ ಕಿಟ್ ಎಂದರೆ ಈ ವಿವೇಕವನ್ನು ಪೆಟ್ಟಿಗೆ ತುಂಬುವಾಗಲೇ ಯಾರೋ ತೋರಿಸಿರುತ್ತಾರೆ ಎಂದು ಅರ್ಥ. ಸಿ-ಗ್ರೇನ್ ಹಾಳೆಯಲ್ಲೇ ಕತ್ತರಿಸಿದ ರಿಬ್ಬುಗಳು ಪೆಟ್ಟಿಗೆಯಿಂದ ಹೊರಬಂದಾಗ, ಎಲ್ಲೋ ದೂರದಲ್ಲಿ ಒಬ್ಬರು ನಮ್ಮ ಮೇಜಿನ ಕಷ್ಟಸುಖ ನೆನೆದು ಮರ ಆರಿಸಿದ್ದಾರೆ ಎಂದು ಕೃತಜ್ಞತೆ ಹುಟ್ಟುತ್ತದೆ.

ಅಂಥ ಹೆಸರು ಗಳಿಸಿದ ಕಂಪನಿಗಳಲ್ಲಿ ಅಮೆರಿಕದ ಅಯೋವಾ ರಾಜ್ಯದ ಮಾಂಟೆಜುಮಾ ಎಂಬ ಸಣ್ಣ ಊರಿನ ಸಿಗ್ ಒಂದು. ಅವರ ಕೆಡೆಟ್ ಸರಣಿಯ ವಿಮಾನಗಳ ಮೇಲೆ ಲೋಕದ ಎಷ್ಟೋ ಮಂದಿ ಹಾರಾಟ ಕಲಿತಿದ್ದಾರೆ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕೆಡೆಟ್ ಸೀನಿಯರ್. ರೆಕ್ಕೆಯ ಉದ್ದ ತುದಿಯಿಂದ ತುದಿಗೆ ಸುಮಾರು ಎರಡು ಮೀಟರ್, ಒಟ್ಟು ತೂಕ ಮೂರು ಕಿಲೋದ ಒಳಗೆ. ರೆಕ್ಕೆಯ ಪ್ರತಿ ಚದರ ಮೀಟರಿನ ಪಾಲಿಗೆ ಬರುವ ಹೊರೆ ನಾಲ್ಕು ಕಿಲೋದ ಆಸುಪಾಸು. ಕಲಿಯುವವರನ್ನು ಕೂರಿಸಿಕೊಂಡು ಹಾರುವ ನಿಜವಾದ ಸೆಸ್ನಾ 172ರಲ್ಲಿ ಅದೇ ಲೆಕ್ಕ 70 ಕಿಲೋದ ಹತ್ತಿರ ಬರುತ್ತದೆ. ಆ ವ್ಯತ್ಯಾಸದಿಂದಲೇ ಕೆಡೆಟ್ ಸೀನಿಯರ್ ಗಾಳಿಯಲ್ಲಿ ಅವಸರಪಡುವುದಿಲ್ಲ. ಎಂಜಿನ್ ನಿಂತುಹೋದರೂ ಪೈಲಟ್ಟಿಗೆ ಯೋಚನೆ ಮಾಡಲು ಸಮಯ ಕೊಟ್ಟು, ಮೆಲ್ಲಗೆ ತೇಲುತ್ತ ಇಳಿಯುತ್ತದೆ. ನೋಡಲು ಠೀವಿಯಿಲ್ಲ. ಚೌಕಾಕಾರದ ಒಡಲು, ನೇರ ಅಂಚಿನ ರೆಕ್ಕೆ. ಯುದ್ಧವಿಮಾನದ ಕಿಟ್ ಕೊಳ್ಳಬೇಕೆಂದು ಹಟ ಹಿಡಿದವರು ಇದರ ಪೆಟ್ಟಿಗೆಯನ್ನು ದಾಟಿ ಮುಂದೆ ಹೋಗುತ್ತಾರೆ. ಆದರೆ ಗಾಳಿಯ ಜೊತೆ ಹೇಗೆ ವ್ಯವಹರಿಸಬೇಕು ಎನ್ನುವುದನ್ನು ಇಷ್ಟು ಬಿಚ್ಚಿ ತೋರಿಸುವ ವಿನ್ಯಾಸ ಕಡಿಮೆ.

ಪೆಟ್ಟಿಗೆ ತೆರೆದಾಗ ಮೊದಲು ಹೊರಗೆಳೆಯಬೇಕಾದ್ದು ಸುರುಳಿ ಸುತ್ತಿದ ನಕ್ಷೆ. ಅದು ಪೂರ್ಣ ಅಳತೆಯದು: ವಿಮಾನ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ನೆಲದ ಮೇಲೆ ಹರಡಿದರೆ ಮನೆಯವರು ಸುತ್ತಿ ಬಳಸಿ ನಡೆಯಬೇಕಾಗುತ್ತದೆ. ಅಳೆದು ದೊಡ್ಡದು ಮಾಡುವ, ಗುಣಿಸುವ ಕೆಲಸವಿಲ್ಲ. ಗೆರೆಯ ಮೇಲೆ ಕಡ್ಡಿ ಇಟ್ಟರೆ ಕಡ್ಡಿ ಇರಬೇಕಾದ ಜಾಗ ಅದೇ. ಒಳ್ಳೆಯ ನಕ್ಷೆಯನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತ ಕೂರಬಹುದು. ಒಂದು ಕಡೆಯಿಂದ ನೋಡಿದ ರೆಕ್ಕೆ, ಮೇಲಿನಿಂದ ನೋಡಿದ ಅದೇ ರೆಕ್ಕೆ, ನಡುವೆ ಸಣ್ಣ ಅಕ್ಷರದಲ್ಲಿ ಯಾವ ಮರ, ಎಷ್ಟು ದಪ್ಪ, ಎಳೆ ಯಾವ ದಿಕ್ಕಿಗೆ ಎಂದು ಬಾಣದ ಗುರುತು. ವಿನ್ಯಾಸಕ ಎಲ್ಲೆಲ್ಲಿ ಯೋಚಿಸಿ ನಿಂತಿದ್ದಾನೆ ಎನ್ನುವುದು ಆ ಬಾಣಗಳಲ್ಲಿ ಕಾಣುತ್ತದೆ. ನಾನು ಕಂಡ ಅನುಭವಸ್ಥರೆಲ್ಲ ಅಂಟು ಮುಟ್ಟುವ ಮೊದಲು ಒಂದೆರಡು ದಿನ ನಕ್ಷೆಯನ್ನೇ ಓದುತ್ತಾರೆ, ಕಣ್ಣುಮುಚ್ಚಿ ವಿಮಾನವನ್ನು ಒಮ್ಮೆ ಪೂರ್ತಿ ಕಟ್ಟಿಬಿಡುತ್ತಾರೆ.

ಹಳೆಯ ಕಿಟ್ಟುಗಳಲ್ಲಿ ತುಂಡುಗಳನ್ನು ಅಚ್ಚಿನ ಅಲಗಿನಿಂದ ಒತ್ತಿ ಕತ್ತರಿಸುತ್ತಿದ್ದರು. ಅಲಗು ಮೊಂಡಾದಂತೆಲ್ಲ ಮರ ಕತ್ತರಿಸುವ ಬದಲು ಜಜ್ಜಿಹೋಗುತ್ತಿತ್ತು, ತುಂಡು ಬಿಡಿಸುವುದೇ ಒಂದು ತಪಸ್ಸು. ಈಗ ಲೇಸರ್ ಬಂದಿದೆ. ಅಂಚು ಗೆರೆ ಎಳೆದಷ್ಟು ಸ್ವಚ್ಛ, ಸುಟ್ಟ ಕಂದು ಬಣ್ಣದ ಸಣ್ಣ ಗುರುತು, ಪೆಟ್ಟಿಗೆಯೊಳಗೆ ಹೊಗೆಯ ತೆಳು ವಾಸನೆ. ಒಂದು ತುಂಡಿನ ಹಲ್ಲು ಇನ್ನೊಂದರ ಕಚ್ಚಿನಲ್ಲಿ ಅಂಟಿಲ್ಲದೆಯೇ ಕೂತು ನಿಲ್ಲುತ್ತದೆ. ಹಳಬರಲ್ಲಿ ಕೆಲವರು ಇದರಿಂದ ಕೈಗೆಲಸದ ಸ್ವಾರಸ್ಯ ಹೋಯಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಲೇಸರ್ ತೆಗೆದುಹಾಕಿದ್ದು ಬೇಸರದ ಭಾಗವನ್ನು ಮಾತ್ರ. ಮರವನ್ನು ಅರಿಯುವ, ನೇರ ನಿಲ್ಲಿಸುವ, ಉಜ್ಜುವ ಕೆಲಸವೆಲ್ಲ ಹಾಗೇ ಉಳಿದಿದೆ.

ರೆಕ್ಕೆ ಕಟ್ಟುವುದು ಈ ಹವ್ಯಾಸದ ಹೃದಯ. ಗುಂಡುಸೂಜಿ ಚುಚ್ಚಿಕೊಳ್ಳುವಂಥ, ಎಲ್ಲೂ ತಿರುಚಿಲ್ಲದ ಸಮತಟ್ಟಾದ ಹಲಗೆ ಬೇಕು. ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ಅಂಟು ಹಿಡಿಯದ ಹಾಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮೊದಲು ಕೆಳಗಿನ ಸ್ಪಾರ್, ಅಂದರೆ ತೊಲೆಯಂಥ ಉದ್ದನೆಯ ಕಡ್ಡಿಯನ್ನು ಗೆರೆಯ ಮೇಲೆ ಸೂಜಿಗಳಿಂದ ಹಿಡಿಸಬೇಕು. ಅದರ ಮೇಲೆ ಒಂದೊಂದಾಗಿ ರಿಬ್ಬುಗಳು ನಿಲ್ಲುತ್ತವೆ. ಪ್ರತಿಯೊಂದೂ ರೆಕ್ಕೆಯ ಅಡ್ಡಸೀಳಿನ ಆಕಾರದ್ದು: ಮೂಗಿನ ಕಡೆ ದುಂಡು, ಮೇಲೆ ಉಬ್ಬು, ಹಿಂದಕ್ಕೆ ಹೋದಂತೆ ಸಣ್ಣ. ಮೂಲೆಮಟ್ಟ ಇಟ್ಟು ನೆಟ್ಟಗೆ ನಿಲ್ಲಿಸಿ, ಒಂದು ಹನಿ ಅಂಟು, ಮುಂದಿನದು. ಮೂರು ನಾಲ್ಕು ರಿಬ್ಬುಗಳು ನಿಲ್ಲುವವರೆಗೂ ಅದು ಬರೀ ಕಡ್ಡಿಗಳ ರಾಶಿ. ಆರನೆಯದೋ ಏಳನೆಯದೋ ನಿಂತಾಗ ಇದ್ದಕ್ಕಿದ್ದಂತೆ ಮೇಜಿನ ಮೇಲೆ ರೆಕ್ಕೆಯ ಮೇಲ್ಮೈ ಕಾಣಿಸಿಕೊಳ್ಳುತ್ತದೆ. ಅಲ್ಲಿ ಇನ್ನೂ ಮೇಲ್ಮೈ ಇಲ್ಲ. ರಿಬ್ಬಿನಿಂದ ರಿಬ್ಬಿಗೆ ಕಣ್ಣೇ ಅದನ್ನು ತುಂಬಿಕೊಳ್ಳುತ್ತದೆ. ಎಷ್ಟು ರೆಕ್ಕೆ ಕಟ್ಟಿದವರಿಗೂ ಆ ಕ್ಷಣ ಹಳತಾಗುವುದಿಲ್ಲ.

ಆ ಆಕಾರದ ಹಿಂದೆ ಒಂದು ಚಂದದ ಸಂಗತಿಯಿದೆ. 1922ರಲ್ಲಿ ವರ್ಜಿನಿಯಸ್ ಕ್ಲಾರ್ಕ್ ಎಂಬ ಅಮೆರಿಕನ್ ವಿನ್ಯಾಸಕ ರೂಪಿಸಿದ ರೆಕ್ಕೆಯ ಅಡ್ಡಸೀಳು ಒಂದಿದೆ, ಕ್ಲಾರ್ಕ್ ವೈ ಎಂದು ಹೆಸರು. ಮುಂದಿನ ಸುಮಾರು ಶೇಕಡ 30ರಷ್ಟು ಭಾಗ ಬಿಟ್ಟರೆ ಅದರ ತಳ ಹಿಂದಿನ ಅಂಚಿನವರೆಗೂ ಚಪ್ಪಟೆ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್ ವಿಮಾನದ್ದು ಇದೇ ಅಡ್ಡಸೀಳು. ಚಪ್ಪಟೆ ತಳದ ಈ ಬಗೆಯ ರೆಕ್ಕೆಗೆ ತರಬೇತಿ ಮಾದರಿಗಳಲ್ಲಿ ಅಷ್ಟು ಬಳಕೆ ಬಂದದ್ದಕ್ಕೆ ಮೆಲ್ಲನೆಯ ಹಾರಾಟ ಒಂದು ಕಾರಣವಾದರೆ, ಅದು ಹಲಗೆಯ ಮೇಲೆ ತಾನಾಗಿ ಸರಿಯಾಗಿ ಕೂರುತ್ತದೆ ಎನ್ನುವುದು ಇನ್ನೊಂದು. ಹಲಗೆ ನೇರವಿದ್ದರೆ ರೆಕ್ಕೆಯೂ ನೇರ. ಗಾಳಿಗೆ ಒಪ್ಪುವ ಆಕಾರವೇ ಕಟ್ಟುವವನ ಮೇಜಿಗೂ ಒಪ್ಪಿದಾಗ ಒಂದು ವಿನ್ಯಾಸ ನೂರು ವರ್ಷ ಬಾಳುತ್ತದೆ.

ಮೇಲಿನ ಸ್ಪಾರ್ ಕೂರಿಸಿದ ಮೇಲೆ ಬರುವ ಒಂದು ಸಣ್ಣ ಕೆಲಸವನ್ನು ಹೇಳದೆ ಬಿಡಲಾರೆ. ಮೇಲಿನ ಮತ್ತು ಕೆಳಗಿನ ಸ್ಪಾರ್‌ಗಳ ನಡುವೆ, ಎರಡೆರಡು ರಿಬ್ಬುಗಳ ಮಧ್ಯದ ಜಾಗದಲ್ಲಿ, ಬಾಲ್ಸಾದ ಪುಟ್ಟ ಚೌಕಗಳನ್ನು ಅಂಟಿಸಬೇಕು. ಅವಕ್ಕೆ ವೆಬ್ ಎನ್ನುತ್ತಾರೆ. ಅವುಗಳ ಎಳೆ ಅಡ್ಡ ಇರದೆ ಮೇಲೆ ಕೆಳಗೆ ನಿಂತಿರಬೇಕು. ರೆಕ್ಕೆ ವಿಮಾನವನ್ನು ಎತ್ತಿ ಹಿಡಿದಾಗ ತುದಿಗಳು ಮೇಲಕ್ಕೆ ಬಾಗಲು ನೋಡುತ್ತವೆ. ಮೇಲಿನ ಸ್ಪಾರ್ ಇಡಿಯಾಗಿ ಅದುಮಿಕೊಳ್ಳುತ್ತದೆ, ಕೆಳಗಿನದು ಜಗ್ಗಿಕೊಳ್ಳುತ್ತದೆ. ನಡುವೆ ಏನೂ ಇಲ್ಲದಿದ್ದರೆ ಎರಡೂ ಬೇರೆ ಬೇರೆಯಾಗಿ ಸೋಲುತ್ತವೆ. ವೆಬ್ ಸೇರಿಸಿದಾಗ ಎರಡು ಬಡ ಕಡ್ಡಿಗಳು ಒಂದು ತೊಲೆಯಾಗುತ್ತವೆ, ಸೇತುವೆಗಳಲ್ಲಿ ನೋಡುವ ಉಕ್ಕಿನ ಐ-ತೊಲೆಯ ಲೆಕ್ಕವೇ. ಮುಂಬದಿಗೆ ತೆಳು ಹಾಳೆ ಹೊದಿಸಿ ಅದನ್ನು ಸ್ಪಾರ್‌ಗೆ ಸೇರಿಸಿದರೆ ಮುಚ್ಚಿದ ಕೊಳವೆಯೊಂದು ಉಂಟಾಗಿ ರೆಕ್ಕೆ ತಿರುಚಲು ಬಾರದು. ವೆಬ್ಬಿಗೆ ಮೊದಲು ರೆಕ್ಕೆಯನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ, ವೆಬ್ ಒಣಗಿದ ಮೇಲೆ ಮತ್ತೆ ಹಿಡಿದು ನೋಡಿ. ಎಲ್ಲ ಸೇರಿ ತಕ್ಕಡಿಯಲ್ಲಿ ಕೆಲವೇ ಗ್ರಾಂ ಏರಿದೆ. ಕೈಯಲ್ಲಿರುವುದು ಮಾತ್ರ ಬೇರೆಯೇ ವಸ್ತು. ಎಲ್ಲಿ ಮರ ಇರಬೇಕು, ಎಲ್ಲಿ ಇರಬಾರದು ಎನ್ನುವ ತೀರ್ಮಾನದಲ್ಲಿ ವಿಮಾನದ ಬಲವಿದೆ ಎಂದು ಪಾಠದ ಪುಸ್ತಕ ಹೇಳಬಹುದು. ಇಲ್ಲಿ ಅದನ್ನು ಮಣಿಕಟ್ಟು ತಿಳಿಯುತ್ತದೆ.

ಅಂಟಿನ ವಿಷಯದಲ್ಲಿ ಪ್ರತಿಯೊಬ್ಬರಿಗೂ ಪಕ್ಷವಿದೆ. ಕ್ಷಣದಲ್ಲಿ ಹಿಡಿಯುವ ಸೈನೊಅಕ್ರಿಲೇಟ್, ನಮ್ಮ ಕಿರಾಣಿ ಅಂಗಡಿಗಳಲ್ಲಿ ಫೆವಿಕ್ವಿಕ್ ಎಂದು ಸಿಗುತ್ತದಲ್ಲ ಆ ಜಾತಿಯದು, ಈಗ ಹೆಚ್ಚು ಜನಪ್ರಿಯ. ಕೊಡಕ್ ಕಂಪನಿಯ ಹ್ಯಾರಿ ಕೂವರ್ ಅದನ್ನು ಯುದ್ಧಕಾಲದಲ್ಲಿ ಬೇರೇನೋ ಹುಡುಕುವಾಗ ಕಂಡದ್ದು. ಅಂಟಾಗಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ತೆಳು ಬಗೆಯದಾದರೆ ಕೂಡಿಸಿದ ಸಂದಿಗೆ ಒಂದು ಹನಿ ಮುಟ್ಟಿಸಿದರೆ ಸಾಕು, ಎಳೆಗಳ ನಡುವೆ ತಾನೇ ಹರಿದುಹೋಗುತ್ತದೆ. ಸಂಜೆಯೊಂದರಲ್ಲಿ ಅರ್ಧ ರೆಕ್ಕೆ ನಿಲ್ಲಿಸಿಬಿಡಬಹುದು. ಆದರೆ ಒಣಗಿದ ಸಂದಿ ಸುತ್ತಲಿನ ಬಾಲ್ಸಾಕ್ಕಿಂತ ಬಹಳ ಗಡಸು. ಮರಳುಕಾಗದ ಹಾಕಿದಾಗ ಮರ ಸವೆದು ಅಂಟಿನ ಗೆರೆ ಉಬ್ಬಿ ನಿಲ್ಲುತ್ತದೆ. ಬಿಳಿ ಫೆವಿಕಾಲಿನ ತೊಂದರೆ ಇನ್ನೊಂದು: ಉಜ್ಜಿದರೆ ಬಿಸಿಗೆ ರಬ್ಬರಿನಂತಾಗಿ ಕಾಗದಕ್ಕೆ ಮೆತ್ತುತ್ತದೆ. ಬಡಗಿಗಳ ಹಳದಿ ಅಂಟು ನಿಧಾನ, ಚೆನ್ನಾಗಿ ಉಜ್ಜಿಸಿಕೊಳ್ಳುತ್ತದೆ. ಎಂಜಿನ್ ಕೂರುವ ಗೋಡೆಗೆ, ಚಕ್ರದ ತಳಕ್ಕೆ, ಎರಡು ರೆಕ್ಕೆ ಸೇರುವ ನಡುಭಾಗಕ್ಕೆ ಅರಾಲ್ಡೈಟಿನಂಥ ಎಪಾಕ್ಸಿಯೇ ಆಗಬೇಕು. ನನ್ನ ಪಕ್ಷ ನಿಧಾನದ ಅಂಟಿನದು. ತುಂಡನ್ನು ಒಂದು ಕೂದಲೆಳೆಯಷ್ಟು ಸರಿಸಿ, ಮತ್ತೆ ನೋಡಿ, ಇನ್ನೊಮ್ಮೆ ಸರಿಸಲು ಅದು ಬಿಡುತ್ತದೆ. ಒಣಗುವವರೆಗೆ ನಾಳಿನ ಕೆಲಸವನ್ನು ನೆನೆಯುತ್ತ ಮಲಗಬಹುದು.

ಎಲ್ಲ ಮುಗಿದು, ಉದ್ದನೆಯ ಮರದ ಪಟ್ಟಿಗೆ ಅಂಟಿಸಿದ ಮರಳುಕಾಗದದಿಂದ ಅಂಚುಗಳನ್ನು ಉಜ್ಜಿ ದುಂಡಾಗಿಸಿ, ರೆಕ್ಕೆ, ಬಾಲ, ಒಡಲು ಸೇರಿಸಿ ನಿಲ್ಲಿಸಿದಾಗ ಇರುವ ಸ್ಥಿತಿ ನನ್ನ ಮಟ್ಟಿಗೆ ಈ ವಿಮಾನದ ಪರಮ ಸೌಂದರ್ಯ. ಮೇಲೆ ಇನ್ನೂ ಹೊದಿಕೆಯಿಲ್ಲ. ಕೆನೆ ಬಣ್ಣದ ಮರ, ಅಲ್ಲಲ್ಲಿ ಲೇಸರಿನ ಕಂದು ಗೆರೆ. ಕಿಟಕಿಯ ಬೆಳಕು ರಿಬ್ಬುಗಳ ನಡುವೆ ಹಾಯ್ದು ಗೋಡೆಯ ಮೇಲೆ ಪಟ್ಟೆ ಪಟ್ಟೆ ನೆರಳು ಹಾಕುತ್ತದೆ. ಅಲಂಕಾರಕ್ಕೆಂದು ಇಟ್ಟ ಒಂದು ಕಡ್ಡಿಯೂ ಅಲ್ಲಿಲ್ಲ, ಆದರೂ ಎಲ್ಲವೂ ಲಯದಲ್ಲಿದೆ: ರಿಬ್ಬುಗಳ ಸಮ ಅಂತರ, ಬಾಲದ ಕಡೆ ಸಣ್ಣಗಾಗುತ್ತ ಹೋಗುವ ಓರೆ ಕಡ್ಡಿಗಳ ತ್ರಿಕೋನಗಳು. ಕಟ್ಟುವವರಲ್ಲಿ ಅನೇಕರು ಈ ಹಂತದಲ್ಲಿ ವಾರಗಟ್ಟಲೆ ನಿಂತುಬಿಡುತ್ತಾರೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಬಣ್ಣದ ಹೊದಿಕೆ ಬಂದ ಮೇಲೆ ಅದು ಎಲ್ಲರ ಕಣ್ಣಿಗೂ ವಿಮಾನ. ಹೊದಿಕೆಗೆ ಮೊದಲು ಅದರೊಳಗಿನ ಯೋಚನೆಯೇ ಎದುರಿಗೆ ನಿಂತಿರುತ್ತದೆ. ಒಂದು ಬದಿಯನ್ನು ಹೊದಿಸದೆಯೇ ಗೋಡೆಗೆ ತೂಗುಹಾಕಿದವರನ್ನು ಬಲ್ಲೆ. ಹಾರದ ವಿಮಾನ ಏಕೆ ಎಂದು ನಾನಂತೂ ಕೇಳುವುದಿಲ್ಲ.

ಹಿಂದೆ ಹೊದಿಕೆ ಎಂದರೆ ತೆಳು ಕಾಗದ ಅಥವಾ ರೇಷ್ಮೆ, ಅದರ ಮೇಲೆ ಡೋಪ್ ಎಂಬ ಅರಗಿನಂಥ ದ್ರವದ ಪದರಗಳು. ಡೋಪಿನ ವಾಸನೆಯಲ್ಲಿ ಮಾಗಿದ ಬಾಳೆಹಣ್ಣಿನ ಛಾಯೆ ಇರುತ್ತಿತ್ತು, ಅದರಲ್ಲಿ ಬೆರೆಸುತ್ತಿದ್ದ ಅಮೈಲ್ ಅಸಿಟೇಟಿನದು. 1960ರ ದಶಕದಲ್ಲಿ ಮೊನೊಕೋಟ್ ಬಂದು ರೀತಿಯೇ ಬದಲಾಯಿತು: ಬಣ್ಣದ ತೆಳು ಪ್ಲಾಸ್ಟಿಕ್ ಪೊರೆ, ಒಂದು ಬದಿಗೆ ಬಿಸಿಗೆ ಕರಗುವ ಅಂಟು. ಸಣ್ಣ ಇಸ್ತ್ರಿ ಪೆಟ್ಟಿಗೆಯಿಂದ ಅಂಚು ಹಿಡಿಸಿ, ಆಮೇಲೆ ಶಾಖ ಸ್ವಲ್ಪ ಏರಿಸಿ ನಡುವೆ ಆಡಿಸಿದರೆ ಸುಕ್ಕುಗಳೆಲ್ಲ ಕಣ್ಣೆದುರೇ ಮಾಯವಾಗುತ್ತವೆ. ಬೆಂಕಿಗೆ ಕಾಯಿಸಿದ ತಮಟೆಯ ಹಾಗೆ ಪೊರೆ ಬಿಗಿಯಾಗುತ್ತದೆ. ಬೆರಳಿನಿಂದ ಮೀಟಿದರೆ ನಾದ ಬರುತ್ತದೆ. ಆ ಬಿಗಿಯೂ ಬರೀ ಚಂದಕ್ಕಲ್ಲ, ರೆಕ್ಕೆಯ ತಿರುಚುವಿಕೆಯನ್ನು ತಡೆಯುವ ಕೆಲಸದಲ್ಲಿ ಪೊರೆಗೂ ಪಾಲಿದೆ. ತುದಿಗಳ ಹಿಂದಿನ ಅಂಚನ್ನು ಒಂದಿಷ್ಟು ಮೇಲಕ್ಕೆ ತಿರುಚಿ ಹಿಡಿದು ಪೊರೆಯನ್ನು ಮತ್ತೆ ಕಾಯಿಸಿದರೆ ರೆಕ್ಕೆ ಆ ತಿರುವನ್ನು ಉಳಿಸಿಕೊಳ್ಳುತ್ತದೆ. ವೇಗ ತೀರ ಕುಂದಿದಾಗ ರೆಕ್ಕೆಯ ಬುಡ ಮೊದಲು ಸೋತು ತುದಿಗಳು ಹಿಡಿತ ಉಳಿಸಿಕೊಳ್ಳಲಿ ಎಂದು ಈ ಉಪಾಯ. ದೊಡ್ಡ ವಿಮಾನದ ಕಾರ್ಖಾನೆಯಲ್ಲಿ ಅಚ್ಚುಗಳನ್ನೇ ಹಾಗೆ ಮಾಡಬೇಕಾದದ್ದನ್ನು ಇಲ್ಲಿ ಎರಡು ಕೈ, ಒಂದು ಇಸ್ತ್ರಿಯಲ್ಲಿ ಮಾಡಿಬಿಡುತ್ತೇವೆ.

ರೇಡಿಯೊ ಕೂರಿಸುವುದನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಈಗ ಅದು ಬೇಗ ಮುಗಿಯುವ ಕೆಲಸ. 1937ರಲ್ಲಿ ಅಮೆರಿಕದ ಕಲಮಜೂ ಊರಿನ ಅವಳಿ ಸಹೋದರರು ವಾಲ್ಟರ್ ಮತ್ತು ವಿಲಿಯಂ ಗುಡ್, ಗಫ್ ಎಂಬ ತಮ್ಮ ಮಾದರಿಯನ್ನು ರೇಡಿಯೊದಿಂದ ಹಾರಿಸಿದಾಗ ಪ್ರತಿಯೊಂದನ್ನೂ ತಾವೇ ಮಾಡಿಕೊಳ್ಳಬೇಕಾಗಿತ್ತು. ಆ ವಿಮಾನ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಇವತ್ತಿನ ರಿಸೀವರ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದು ಪ್ರತಿ ಸರ್ವೋಗೂ, ಅಂದರೆ ಬಾಲ, ರೆಕ್ಕೆಗಳ ಅಲುಗುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರಿಗೆ, ಸೆಕೆಂಡಿಗೆ ಸುಮಾರು 50 ಸಲ ಒಂದೆರಡು ಮಿಲಿಸೆಕೆಂಡಿನ ಮಿಡಿತ ಕಳಿಸುತ್ತದೆ, ಮಿಡಿತದ ಉದ್ದಕ್ಕೆ ತಕ್ಕಂತೆ ಸರ್ವೋದ ತೋಳು ತಿರುಗುತ್ತದೆ. ಎಂಜಿನ್ನಿನಲ್ಲೂ ಬದಲಾವಣೆ ಬಂದಿದೆ. ಮೆಥನಾಲ್, ಹರಳೆಣ್ಣೆ ಮತ್ತು ನೈಟ್ರೊಮೀಥೇನ್ ಕುಡಿದು ಕಿರುಚುತ್ತಿದ್ದ ಗ್ಲೋ ಎಂಜಿನ್ನುಗಳ ಜಾಗವನ್ನು ಬ್ಯಾಟರಿ ಮೋಟಾರು ಬಹುಮಟ್ಟಿಗೆ ತುಂಬಿದೆ. ಅನುಕೂಲ ದೊಡ್ಡದು, ಮರಕ್ಕೆ ಎಣ್ಣೆ ಇಳಿದು ಹಾಳಾಗುವುದಿಲ್ಲ. ಆದರೂ ಬಯಲಿನ ಅಂಚಿನಲ್ಲಿ ಸುಟ್ಟ ಹರಳೆಣ್ಣೆಯ ಸಿಹಿ ಘಾಟು ಬಂದರೆ ಹಳೆಯ ಮಾದರಿಗಾರರ ಮುಖ ಅತ್ತ ತಿರುಗುತ್ತದೆ.

ಹಾರಿಸುವ ಮೊದಲಿನ ಕೊನೆಯ ಕೆಲಸ ತೂಕದ ಸಮತೋಲ. ಎರಡು ತೋರುಬೆರಳುಗಳನ್ನು ರೆಕ್ಕೆಯ ಕೆಳಗೆ, ಮುಂಬದಿಯಿಂದ ರೆಕ್ಕೆಯ ಅಗಲದ ಸುಮಾರು ಮೂರರಲ್ಲೊಂದು ಭಾಗ ಹಿಂದೆ, ನಕ್ಷೆಯಲ್ಲಿ ಗುರುತು ಮಾಡಿದ ಜಾಗದಲ್ಲಿಟ್ಟು ಎತ್ತಬೇಕು. ವಿಮಾನ ಮಟ್ಟವಾಗಿ ನಿಂತರೆ ಸರಿ. ಬಾಲ ಜೋತುಬಿದ್ದರೆ ಹಾರಾಟ ಅಂಕೆಗೆ ಸಿಗುವುದಿಲ್ಲ. ಮೂಗು ಸಮತೋಲದ ಬಿಂದುವಿಗೆ ಹತ್ತಿರ, ಬಾಲ ದೂರ. ಬಾಲದಲ್ಲಿ ಹೆಚ್ಚಾದ ಒಂದು ಗ್ರಾಮಿಗೆ ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ಇಡಬೇಕಾಗುತ್ತದೆ. ಬಾಲಕ್ಕೆಂದು ಅತ್ಯಂತ ಹಗುರದ ಹಾಳೆ ಎತ್ತಿಟ್ಟದ್ದು ಫಲ ಕೊಡುವುದು ಇಲ್ಲಿ. ಸೀಸವಿಲ್ಲದೆ, ಬ್ಯಾಟರಿಯನ್ನು ಒಂದಿಷ್ಟು ಮುಂದೆ ಸರಿಸಿದಷ್ಟಕ್ಕೇ ವಿಮಾನ ಬೆರಳ ತುದಿಯಲ್ಲಿ ಮಟ್ಟವಾಗಿ ನಿಂತಾಗ ಆಗುವ ಸಂತೋಷವನ್ನು ಹಾರಾಟವೂ ಮೀರಿಸದು ಎಂದು ನಾನು ಹೇಳಬಲ್ಲೆ.

ಮೇಲೆ ಹೋದ ಮೇಲೆ ಕೆಡೆಟ್ಟಿನಂಥ ವಿಮಾನ ತಾನೇ ಅರ್ಧ ಪೈಲಟ್. ಅದರ ರೆಕ್ಕೆಗಳು ನಡುವಿನಿಂದ ತುದಿಯ ಕಡೆಗೆ ಮೇಲೆದ್ದಿರುತ್ತವೆ. ಗಾಳಿಯ ಪೆಟ್ಟಿಗೆ ಒಂದು ಬದಿ ಇಳಿದರೆ ವಿಮಾನ ಆ ಕಡೆಗೆ ಜಾರುತ್ತದೆ. ಜಾರುವಾಗ ಕೆಳಗಿನ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗಿ ಅದನ್ನು ಮತ್ತೆ ಎತ್ತುತ್ತದೆ. ನಿಯಂತ್ರಣದ ಕೋಲು ಬಿಟ್ಟು ಕೈ ಕಟ್ಟಿ ನಿಂತರೂ ತನ್ನನ್ನು ತಾನು ಸರಿಪಡಿಸಿಕೊಳ್ಳುತ್ತದೆ. ಪಾರದರ್ಶಕ ಬಣ್ಣದ ಪೊರೆ ಹೊದಿಸಿದ್ದರೆ, ಸೂರ್ಯನ ಎದುರಿಗೆ ಹಾಯುವಾಗ ಒಳಗಿನ ರಿಬ್ಬು, ಸ್ಪಾರ್ ಎಲ್ಲ ಗೆರೆ ಗೆರೆಯಾಗಿ ಕಾಣುತ್ತವೆ. ಪಕ್ಕದಲ್ಲಿ ನಿಂತವರು ಕೆಂಪು ವಿಮಾನ ನೋಡುತ್ತಾರೆ. ಕಟ್ಟಿದವನು ನಾಲ್ಕನೇ ರಿಬ್ಬಿನ ಪಕ್ಕದ ವೆಬ್ಬನ್ನೂ ನೋಡುತ್ತಿರುತ್ತಾನೆ. ನಾನು ಯಾವಾಗಲೂ ಪಾರದರ್ಶಕ ಪೊರೆಯನ್ನೇ ಆರಿಸುವುದು ಅದಕ್ಕೆ.

ಕನ್ನಡದ ಓದುಗರಿಗೆ ಇದು ತೀರ ದೂರದ ವಿಷಯವಲ್ಲ. ಎನ್‌ಸಿಸಿ ವಾಯುದಳದ ತರಬೇತಿಯಲ್ಲಿ ಏರೋಮಾಡೆಲಿಂಗ್ ಒಂದು ಪಾಠ. ಬೆಂಗಳೂರಿನ ಎಷ್ಟೋ ಮಂದಿ ಬಾಲ್ಸಾ ಮೊದಲು ಮುಟ್ಟಿದ್ದು ಅಲ್ಲಿ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರಲ್ಲಿ ಈ ಊರಿಗೆ ಬಂತು. ವಿ.ಎಂ. ಘಾಟ್ಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಇಲ್ಲಿಂದಲೇ ಮೊದಲು ಹಾರಿತು. ಕೆಳರೆಕ್ಕೆ, ಒಂದರ ಹಿಂದೊಂದು ಎರಡು ಆಸನ, ಒಳಸೇರದ ಗಟ್ಟಿ ಚಕ್ರಗಳು, ಬಾಲದಡಿ ಪುಟ್ಟ ಚಕ್ರ. ಮಾದರಿ ಕಟ್ಟುವವನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಆಕಾರ ಸಿಗುವುದು ಕಷ್ಟ. ಕಿಟ್ಟುಗಳಲ್ಲಿ ಕೈ ಪಳಗಿದವರು ಮುಂದೆ ತಾವೇ ನಕ್ಷೆ ಬರೆದು ಕಟ್ಟಲು ಹೊರಡುತ್ತಾರೆ. ಸ್ಪಿಟ್‌ಫೈರುಗಳೂ ಮಸ್ಟಾಂಗುಗಳೂ ಲೋಕದ ಎಲ್ಲ ಬಯಲುಗಳಲ್ಲಿ ಹಾರುತ್ತಿವೆ. ಬೆಂಗಳೂರಿನವರ ಕೈಯಲ್ಲಿ ಎಚ್‌ಟಿ-2 ಇನ್ನಷ್ಟು ಕಾಣಬೇಕೆಂಬುದು ನನ್ನ ಬಹಳ ದಿನದ ಆಸೆ.

ಈಗ ಹೊದಿಕೆ ಸಮೇತ ಸಿದ್ಧವಾಗಿ ಬರುವ ವಿಮಾನಗಳು, ನೊರೆಯಲ್ಲಿ ಅಚ್ಚೊತ್ತಿದ ವಿಮಾನಗಳು ಅಂಗಡಿ ತುಂಬ ಇವೆ. ಪೆಟ್ಟಿಗೆ ತೆರೆದ ದಿನವೇ ಹಾರಿಸಬಹುದು. ಅವನ್ನು ಹಗುರವಾಗಿ ಕಾಣಲು ನನಗೆ ಇಷ್ಟವಿಲ್ಲ. ಹಾರಾಟ ಕಲಿಸುವುದರಲ್ಲಿ ಅವು ದೊಡ್ಡ ಉಪಕಾರ ಮಾಡಿವೆ. ಆದರೆ ಅವು ಬಿದ್ದಾಗ ಒಡೆಯನಿಗೆ ತಿಳಿಯುವುದು ಏನೋ ಮುರಿಯಿತು ಎಂದಷ್ಟೇ. ಕಿಟ್ ಕಟ್ಟಿದವನ ವಿಮಾನ ಮುಳ್ಳುಪೊದೆಗೆ ನುಗ್ಗಿದರೆ ಅವನು ಮೊದಲು ಪೊರೆ ಸೀಳಿ ಒಳಗೆ ನೋಡುತ್ತಾನೆ. ಸ್ಪಾರ್ ಗಟ್ಟಿಯಾಗಿದೆಯೇ, ಎಷ್ಟು ರಿಬ್ಬು ಹೋಗಿವೆ, ವೆಬ್ಬು ಬಿಟ್ಟಿದೆಯೇ. ಹಳಬರು ಹೊಸಬರಿಗೆ ಕೊಡುವ ಮೊದಲ ಬುದ್ಧಿಮಾತು ಇದರ ಬಗ್ಗೆಯೇ: ಪೆಟ್ಟಿಗೆ ತೆರೆದ ದಿನ, ತುಂಡುಗಳನ್ನು ಹಾಳೆಯಿಂದ ಬಿಡಿಸುವ ಮೊದಲು, ಪ್ರತಿಯೊಂದರ ಆಕಾರವನ್ನೂ ದಪ್ಪ ಕಾಗದದ ಮೇಲೆ ಗೆರೆ ಎಳೆದು ಇಟ್ಟುಕೊಳ್ಳಿ. ಆ ಕಾಗದ ಹಿಡಿದು ಹೊಸ ರಿಬ್ಬು ಕತ್ತರಿಸಿ, ಮುರಿದ ಸ್ಪಾರಿಗೆ ಉದ್ದನೆಯ ಓರೆ ಕೊಯ್ದು ಹೊಸ ಕಡ್ಡಿ ಬೆಸೆದು, ಮೇಲೆ ಪೊರೆಯ ತೇಪೆ ಹಾಕಿದರೆ ಎರಡು ಸಂಜೆಯಲ್ಲಿ ರೆಕ್ಕೆ ಎದ್ದು ನಿಲ್ಲುತ್ತದೆ. ಪ್ರತಿ ರಿಪೇರಿಗೂ ಕೆಲವು ಗ್ರಾಂ ಅಂಟು ಸೇರುತ್ತ ಹೋಗುತ್ತದೆ. ವಿಮಾನ ಇಳಿಯುವಾಗ ಮೊದಲಿಗಿಂತ ವೇಗ ಬೇಡತೊಡಗಿದಾಗ ಒಡೆಯನಿಗೆ ಲೆಕ್ಕ ಗೊತ್ತಾಗುತ್ತದೆ. ಅಂದು ಮೋಟಾರು, ಸರ್ವೋಗಳು, ಚಕ್ರಗಳನ್ನು ಬಿಚ್ಚಿಟ್ಟುಕೊಂಡು, ಅದೇ ನಕ್ಷೆಯನ್ನು ಮತ್ತೆ ಹಲಗೆಯ ಮೇಲೆ ಹಾಸಿ, ಕೆಳಗಿನ ಸ್ಪಾರಿಗೆ ಒಂದು ಗಟ್ಟಿ ಕಡ್ಡಿ ಹುಡುಕಲು ಹಾಳೆಗಳ ಕಟ್ಟನ್ನು ಬಿಚ್ಚುತ್ತಾನೆ.